ಎರಡನೇ ಸಲದ ಮ್ಯಾಂಚೆಸ್ಟರ್: ದಾವಣಗೆರೆಯವರಿಗೊಂದು ಕಾಲ್ನಡಿಗೆಯ ಕೈಪಿಡಿ

ನಮ್ಮ ದಾವಣಗೆರೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿ ಬೆಳೆದವಳು ನಾನು. ಅಪ್ಪ ಇಲ್ಲಿನ ಹತ್ತಿ ಗಿರಣಿಯೊಂದರ ಸ್ಪಿನ್ನಿಂಗ್ ಖಾತೆಯಲ್ಲಿ ಮೂರೂ ಪಾಳಿಯಲ್ಲಿ ದುಡಿದವರು. 2017ರ ಜುಲೈನಲ್ಲಿ ಮಗಳ ಘಟಿಕೋತ್ಸವಕ್ಕೆಂದು ಇಂಗ್ಲೆಂಡಿನ ನಿಜವಾದ ಮ್ಯಾಂಚೆಸ್ಟರ್‌ಗೆ ಹೋಗಿ ಐದು ದಿನ ಇದ್ದು ಬಂದೆ. ಊರು ತುಂಬ ಹಿಡಿಸಿತು. ಕೆಂಪು ಇಟ್ಟಿಗೆಯ ಕಟ್ಟಡಗಳು, ಅವುಗಳ ಕಾಲ ಬುಡದಲ್ಲೇ ಹರಿಯುವ ಕಾಲುವೆ, ಬಿಟ್ಟೂ ಬಿಡದೆ ಹನಿಯುವ ಮಳೆ. ಆದರೆ ನೋಡಿದ್ದೆಲ್ಲ ಕಾರಿನ ಕಿಟಕಿಯಿಂದ, ಬಸ್ಸಿನ ಮೇಲಂತಸ್ತಿನಿಂದ. ಮನೆಗೆ ಬಂದ ದಿನ ಅಪ್ಪ ಕೇಳಿದ್ದು ಒಂದೇ ಮಾತು: “ಅಲ್ಲಿ ಮಿಲ್ಲು ನೋಡಿದೇನವ್ವ?”

ನೋಡಿರಲಿಲ್ಲ. ಆ ಪ್ರಶ್ನೆಗೆ ಉತ್ತರ ತರಲೆಂದೇ 2023ರ ಮೇ ಕೊನೆಯಲ್ಲಿ ಮತ್ತೆ ಹೋದೆ, ಒಂಬತ್ತು ದಿನ, ಬಹುಪಾಲು ಕಾಲ್ನಡಿಗೆಯಲ್ಲೇ. ಮಕ್ಕಳಿರುವ ಊರಿಗೆ ಎರಡನೆಯ, ಮೂರನೆಯ ಸಲ ಹೋಗುವವರು ನಮ್ಮೂರಲ್ಲಿ ಈಗ ಬಹಳ ಮಂದಿ. ಅವರಿಗಾಗಿ, ನಾನು ಮಾಡಿದ್ದನ್ನೂ ಮಾಡಬೇಕಿತ್ತು ಅನ್ನಿಸಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ನಿಮ್ಮ ಮೆಚ್ಚಿನ ಊರು ಬೇರೆಯದಾದರೂ ಈ ಕ್ರಮ ಬದಲಾಗುವುದಿಲ್ಲ.

ಟಿಕೆಟ್‌ಗೂ ಮುಂಚೆ ಒಂದು ಎಳೆ

ಮೊದಲ ಸಲ ಹೋದಾಗ ಊರು ತಾನೇ ಏನೇನು ತೋರಿಸುತ್ತದೋ ಅದನ್ನು ನೋಡುತ್ತೇವೆ. ಎರಡನೇ ಸಲ ನಾವೊಂದು ಪ್ರಶ್ನೆ ಹಿಡಿದು ಹೋಗಬೇಕು. ಇಲ್ಲದಿದ್ದರೆ ಹಳೇ ಫೋಟೊ ತೆಗೆದ ಜಾಗದಲ್ಲೇ ಮತ್ತೊಂದು ಫೋಟೊ ತೆಗೆದು ವಾಪಸು ಬರುತ್ತೇವೆ. ನನ್ನ ಎಳೆ ಹತ್ತಿ. ಅರಳೆ ಎಲ್ಲಿ ಇಳಿಯಿತು, ಎಲ್ಲಿ ನೂಲಾಯಿತು, ಎಲ್ಲಿ ಮಾರಾಟವಾಯಿತು, ನೂತವರು ಏನಾದರು ಎಂಬ ನಾಲ್ಕು ಪ್ರಶ್ನೆಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಆಮೇಲೆ ನಡೆದ ದಾರಿಗಳೆಲ್ಲ ಈ ನಾಲ್ಕರಿಂದಲೇ ಹುಟ್ಟಿದವು.

ನಿಮ್ಮ ಎಳೆ ನಿಮ್ಮ ಮನೆಯಲ್ಲೇ ಸಿಗುತ್ತದೆ. ಕ್ರಿಕೆಟ್ ಪ್ರೇಮಿಯಾದರೆ ಓಲ್ಡ್ ಟ್ರ್ಯಾಫರ್ಡ್ ಮೈದಾನದಿಂದ ಶುರು ಮಾಡಬಹುದು. 1990ರ ಆಗಸ್ಟ್‌ನಲ್ಲಿ ಸಚಿನ್ ಮೊದಲ ಟೆಸ್ಟ್ ಶತಕ ಹೊಡೆದದ್ದು ಅಲ್ಲಿ. ಅದೇ ಪಂದ್ಯದಲ್ಲಿ ನಮ್ಮ ಅನಿಲ್ ಕುಂಬ್ಳೆ ಮೊದಲ ಬಾರಿಗೆ ಟೆಸ್ಟ್ ಆಡಿದರು. ಕಂಪ್ಯೂಟರ್ ಓದಿದವರಾದರೆ, ಆ ವಿಜ್ಞಾನಕ್ಕೆ ಬುನಾದಿ ಹಾಕಿದ ಅಲನ್ ಟ್ಯೂರಿಂಗ್ ಇದ್ದಾನೆ. ಎಳೆ ಒಂದೇ ಇರಲಿ. ಎರಡು ಹಿಡಿದರೆ ಸಿಕ್ಕು.

ದಿನ ಗೊತ್ತುಮಾಡುವುದು

ನಡೆಯಲು ಹೋಗುವವರಿಗೆ ಮುಖ್ಯವಾದದ್ದು ಬೆಳಕು. ಮ್ಯಾಂಚೆಸ್ಟರ್ ಇರುವುದು 53 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆ ದಾಟಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಕತ್ತಲು. ಹಾಗಾಗಿ ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಅವಧಿ ಒಳ್ಳೆಯದು. ದೊಡ್ಡ ಫುಟ್ಬಾಲ್ ಪಂದ್ಯವೋ ಸಂಗೀತ ಕಾರ್ಯಕ್ರಮವೋ ಇದ್ದ ವಾರದಲ್ಲಿ ಕೋಣೆ ಬಾಡಿಗೆ ಏರಿಬಿಡುತ್ತದೆ. ತಾರೀಕು ಹಾಕುವ ಮೊದಲು ಅದನ್ನೂ ನೋಡಿಕೊಳ್ಳಿ.

ವೀಸಾಕ್ಕೆ ಹೊರಡುವ ದಿನಕ್ಕಿಂತ ಮೂರು ತಿಂಗಳ ಒಳಗಷ್ಟೇ ಅರ್ಜಿ ಹಾಕಲು ಬರುತ್ತದೆ. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು. ಹಳೇ ಪಾಸ್‌ಪೋರ್ಟ್ ಬಿಸಾಡಬೇಡಿ, ಹಿಂದಿನ ಪ್ರವಾಸದ ವಿವರ ಅರ್ಜಿಯಲ್ಲಿ ಕೇಳುತ್ತಾರೆ. ಪ್ರಯಾಣ ವಿಮೆ ಮಾಡಿಸದೆ ಹೊರಡಬೇಡಿ. ಅಲ್ಲಿ ಆಸ್ಪತ್ರೆಗೆ ದಾಖಲಾದರೆ ಹೊರಗಿನಿಂದ ಬಂದವರು ಪೂರ್ತಿ ಖರ್ಚು ತಾವೇ ಕೊಡಬೇಕಾಗುತ್ತದೆ.

ನೋಡಬೇಕಾದ ಪ್ರತಿ ಜಾಗದ ವಾರ ಮತ್ತು ವೇಳೆಯನ್ನು ಒಂದೇ ಹಾಳೆಯಲ್ಲಿ ಬರೆದಿಡಿ. ಸೋಮವಾರ ಬಾಗಿಲು ಹಾಕುವ ಮ್ಯೂಸಿಯಂಗಳು ಅಲ್ಲಿ ಹಲವಾರು. ಇದನ್ನು ಒತ್ತಿ ಹೇಳಲು ಕಾರಣವಿದೆ. 2017ರಲ್ಲಿ ನಾನು ಅಲ್ಲಿನ ಟೌನ್ ಹಾಲ್ ಮುಂದೆ ನಿಂತು ಫೋಟೊ ತೆಗೆಸಿಕೊಂಡೆ, ಒಳಗೆ ಹೋಗಲಿಲ್ಲ. 1877ರ ಆ ಕಟ್ಟಡದ ದೊಡ್ಡ ಸಭಾಂಗಣದ ಗೋಡೆಯ ಮೇಲೆ ಊರಿನ ಚರಿತ್ರೆಯ ಚಿತ್ರಗಳಿವೆ, ಅವುಗಳಲ್ಲೊಂದು ಮಗ್ಗದ ಹಾರುಲಾಳಿ ಕಂಡುಹಿಡಿದ ಜಾನ್ ಕೇಯದ್ದು ಎಂದು ಆಮೇಲೆ ಓದಿ ತಿಳಿದೆ. ಮುಂದಿನ ವರ್ಷವೇ ದುರಸ್ತಿಗೆಂದು ಕಟ್ಟಡ ಮುಚ್ಚಿದರು. 2023ರಲ್ಲಿ ಹೋದಾಗ ಸುತ್ತಲೂ ತಗಡಿನ ಬೇಲಿ. ಲಾಳಿಯ ಚಿತ್ರವನ್ನು ನಾನಿನ್ನೂ ನೋಡಿಲ್ಲ. ನೀವು ಹೋಗುವ ಹೊತ್ತಿಗೆ ತೆರೆದಿದೆಯೇ ಎಂದು ಮೊದಲೇ ವಿಚಾರಿಸಿ, ತೆರೆದಿದ್ದರೆ ಮೊದಲ ದಿನವೇ ಒಳಗೆ ಹೋಗಿ.

ಕಾಲು, ಬೂಟು

ಹೊರಡಲು ಎಂಟು ವಾರ ಇರುವಾಗಲೇ ನಡಿಗೆ ಶುರು ಮಾಡಿ. ನಾನು ಕುಂದವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ಐದೂವರೆಗೆ ಹೊರಡುತ್ತಿದ್ದೆ. ಮೊದಲ ವಾರ ಒಂದೇ ಸುತ್ತು, ಆಮೇಲೆ ಎರಡು, ಕೊನೆಗೆ ಭಾನುವಾರ ಮಾತ್ರ ಮೂರು. ಬರೀ ನಡೆದರೆ ಸಾಲದು, ಬೆನ್ನಿಗೆ ಹಾಕುವ ಚೀಲವನ್ನೂ ಹಾಕಿಕೊಂಡೇ ನಡೆಯಬೇಕು. ಎರಡು ಲೀಟರ್ ನೀರು, ಒಂದು ಸ್ವೆಟರ್, ಪುಸ್ತಕ ತುಂಬಿದರೆ ಅಲ್ಲಿ ಹೊರುವ ತೂಕವೇ ಬಂದಂತಾಗುತ್ತದೆ.

ಬೂಟಿನ ವಿಷಯದಲ್ಲಿ ನನ್ನ ಮಾತು ಕೇಳಿ. ಮೊದಲ ಪ್ರವಾಸದಲ್ಲಿ ಹೊಸ ಬೂಟು ಹಾಕಿಕೊಂಡು ಹೋಗಿ ಎರಡನೇ ದಿನಕ್ಕೇ ಹಿಮ್ಮಡಿ ಸುಲಿದು, ಘಟಿಕೋತ್ಸವದ ಸಭಾಂಗಣಕ್ಕೆ ಕುಂಟುತ್ತ ಹೋದೆ. ಈ ಸಲ ಎರಡು ತಿಂಗಳು ಮೊದಲೇ ಕೊಂಡೆ, ಸಾಮಾನ್ಯ ಅಳತೆಗಿಂತ ಅರ್ಧ ಅಳತೆ ದೊಡ್ಡದು, ಏಕೆಂದರೆ ನಡೆದಂತೆ ಪಾದ ಊದುತ್ತದೆ, ಅಲ್ಲಿನ ಚಳಿಗೆ ದಪ್ಪ ಕಾಲುಚೀಲವೂ ಬೇಕು. ಕೊನೆಯ ಪರೀಕ್ಷೆಗೆ ಚಿತ್ರದುರ್ಗದ ಕೋಟೆ ಹತ್ತಿಸಿದೆ. ಏಳು ಸುತ್ತಿನ ಆ ಕಲ್ಲಿನಲ್ಲಿ ಏರಿ ಇಳಿಯುವಾಗ ಬೆರಳು ಮುಂದಕ್ಕೆ ಹೋಗಿ ತಾಗಿದರೆ, ಹಿಮ್ಮಡಿ ಜಾರಿದರೆ, ಆ ಬೂಟನ್ನು ವಿಮಾನ ಹತ್ತಿಸಬೇಡಿ. ಮ್ಯಾಂಚೆಸ್ಟರ್‌ನ ಹಳೇ ಬೀದಿಗಳಿಗೂ ಕಾಲುವೆ ದಂಡೆಗೂ ಕಲ್ಲು ಹಾಸಿದ್ದಾರೆ, ಅವು ಯಾವಾಗಲೂ ಒದ್ದೆ. ಅಡಿಯಲ್ಲಿ ಗೆರೆ ಸವೆದ ಬೂಟು ಅಲ್ಲಿ ಅಪಾಯ.

ಚೀಲಕ್ಕೆ ಹಾಕುವುದು ಕಡಿಮೆಯಿದ್ದಷ್ಟೂ ಒಳ್ಳೆಯದು. ಗಾಳಿಗೆ ಕೊಡೆ ತಿರುಗಿಬೀಳುತ್ತದೆ, ತಲೆಮುಚ್ಚುವ ಟೊಪ್ಪಿಗೆಯಿರುವ ಮಳೆ ಅಂಗಿ ಒಯ್ಯಿರಿ. ಅಲ್ಲಿನ ಪ್ಲಗ್ಗಿಗೆ ಮೂರು ಚಪ್ಪಟೆ ಪಿನ್, ಅದಕ್ಕೆ ಅಡಾಪ್ಟರ್ ಬೇಕು. ಮಂಡಕ್ಕಿ, ಶೇಂಗಾ ಚಟ್ನಿಪುಡಿ ಜೊತೆಗಿರಲಿ. ಆದರೆ ಬೆಣ್ಣೆ, ತುಪ್ಪ, ಪೇಡೆ ಬೇಡ. ನಮ್ಮ ದೇಶದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯಲು ಅಲ್ಲಿ ಅನುಮತಿಯಿಲ್ಲ. ಮಗಳಿಗೆ ಬೆಣ್ಣೆದೋಸೆ ಮಾಡಿಕೊಡುವ ಆಸೆಯಿದ್ದರೆ ಬೆಣ್ಣೆ ಅಲ್ಲೇ ಕೊಳ್ಳಿ.

ಎಲ್ಲಿ ಇಳಿಯುವುದು

ಇದರಲ್ಲಿ ನನ್ನ ನಿಲುವು ಗಟ್ಟಿ. ಮಕ್ಕಳ ಮನೆ ಊರ ಹೊರಗಿದ್ದರೆ, ಒಂದೆರಡು ದಿನ ಅವರೊಂದಿಗೆ ಇದ್ದು ಆಮೇಲೆ ನಗರದ ನಡುವೆ ನಾಲ್ಕೈದು ರಾತ್ರಿಗೆ ಕೋಣೆ ಹಿಡಿಯಿರಿ. ಮಗಳು ಬೇಜಾರು ಮಾಡಿಕೊಂಡಳು, ನಿಜ. ಆದರೆ ಬೆಳಿಗ್ಗೆ ಬಸ್ಸಿಗೆ ಕಾದು, ಸಂಜೆ ಬಸ್ಸಿಗೆ ಓಡಿದರೆ ನಡಿಗೆಯ ಅರ್ಧ ಶಕ್ತಿ ಅಲ್ಲೇ ಹೋಗುತ್ತದೆ. ಮಧ್ಯಾಹ್ನ ಒಂದು ಗಂಟೆ ಕೋಣೆಗೆ ಬಂದು ಕಾಲು ಚಾಚಿ ಮಲಗಿದರೆ ಸಂಜೆ ಮತ್ತೊಂದು ಸುತ್ತು ಸಾಧ್ಯ. ಅರವತ್ತರ ಹತ್ತಿರದವರಿಗೆ ಆ ಒಂದು ಗಂಟೆಯೇ ಇಡೀ ಪ್ರವಾಸವನ್ನು ಉಳಿಸುತ್ತದೆ. ವಿಮಾನ ನಿಲ್ದಾಣದಿಂದ ಪಿಕಡಿಲಿ ರೈಲು ನಿಲ್ದಾಣಕ್ಕೆ ನೇರ ರೈಲಿದೆ. ಪಿಕಡಿಲಿಯಿಂದ ಡೀನ್ಸ್‌ಗೇಟ್‌ವರೆಗಿನ ಪ್ರದೇಶದಲ್ಲಿ ಎಲ್ಲಿ ಉಳಿದರೂ ಸರಿಯೇ. ಎಲ್ಲವೂ ಎರಡು ಕಿಲೋಮೀಟರಿನ ಒಳಗೆ.

ನಕ್ಷೆಯನ್ನು ಫೋನಿನಲ್ಲಿ ಇಳಿಸಿಕೊಳ್ಳಿ, ಜೊತೆಗೆ ಕೈಯಲ್ಲೂ ಒಂದು ಬರೆಯಿರಿ. ಚಿತ್ರ ಬರೆಯಲು ಬರಬೇಕೆಂದಿಲ್ಲ. ಒಂದು ನದಿ, ಎರಡು ಕಾಲುವೆ, ಮೂರು ರೈಲು ನಿಲ್ದಾಣ, ನಾಲ್ಕು ದೊಡ್ಡ ರಸ್ತೆ ಸಾಕು. ಕೈಯಲ್ಲಿ ಬರೆದ ನಕ್ಷೆ ತಲೆಯಲ್ಲಿ ಕೂರುತ್ತದೆ, ಆಮೇಲೆ ರಸ್ತೆಯಲ್ಲಿ ಫೋನು ಹಿಡಿದು ನಿಲ್ಲುವ ಪ್ರಸಂಗ ಬರುವುದಿಲ್ಲ. ದೊಡ್ಡ ನಗರದಲ್ಲಿ ಕೈಯಲ್ಲಿನ ಫೋನು ಕಿತ್ತುಕೊಂಡು ಹೋಗುವವರಿರುತ್ತಾರೆ, ಅದಕ್ಕೂ ಇದೇ ಮದ್ದು.

ಮೊದಲ ಬೆಳಿಗ್ಗೆ

ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಮೊದಲೆರಡು ದಿನ ನಸುಕಿನ ಮೂರೂವರೆಗೇ ಎಚ್ಚರವಾಗುತ್ತದೆ. ಹಾಸಿಗೆಯಲ್ಲಿ ಹೊರಳಾಡಬೇಡಿ. ಜೂನ್‌ನಲ್ಲಿ ಐದಕ್ಕೆ ಮೊದಲೇ ಬೆಳಕು ಹರಿಯುತ್ತದೆ, ಬೀದಿ ಗುಡಿಸುವ ಗಾಡಿಗಳು ಬಿಟ್ಟರೆ ಊರು ನಿಮ್ಮದೇ.

ಅವತ್ತು ಹೊಸದೇನೂ ನೋಡಬೇಡಿ. ಹಿಂದಿನ ಸಲ ಮನಸ್ಸಿಗೆ ಹಿಡಿಸಿದ್ದ ಜಾಗಕ್ಕೇ ಹೋಗಿ. ನಾನು ಹೋದದ್ದು ಸೇಂಟ್ ಆ್ಯನ್ಸ್ ಚೌಕಕ್ಕೆ. 2017ರ ಮೇ 22ರಂದು ಊರಿನ ಇನ್ನೊಂದು ಕಡೆ ನಡೆದ ಸಂಗೀತ ಕಾರ್ಯಕ್ರಮವೊಂದರ ಕೊನೆಯಲ್ಲಿ ಬಾಂಬು ಸ್ಫೋಟಿಸಿ 22 ಜನ ತೀರಿಕೊಂಡಿದ್ದರು. ಊರವರು ಹೂವು ತಂದಿಟ್ಟದ್ದು ಇದೇ ಚೌಕದಲ್ಲಿ. ಎರಡು ತಿಂಗಳಾದ ಮೇಲೆ ನಾನು ಹೋದಾಗಲೂ ಅಂಗಡಿ ಗಾಜು, ಗೋಡೆ, ಜನರ ತೋಳು, ಎಲ್ಲೆಲ್ಲೂ ಜೇನ್ನೊಣದ ಚಿತ್ರ. ದುಡಿಯುವ ಜೇನ್ನೊಣ ಗಿರಣಿಗಳ ಕಾಲದಿಂದಲೂ ಆ ಊರಿನ ಗುರುತು. ಆರು ವರ್ಷದ ಮೇಲೆ ಅದೇ ಚೌಕದ ಬೆಂಚಿನಲ್ಲಿ ಒಬ್ಬಳೇ ಕೂತೆ. ಏನು ಉಳಿದಿದೆ, ಏನು ಬದಲಾಗಿದೆ ಎಂದು ಎರಡು ಸಾಲು ಪಟ್ಟಿ ಬರೆದೆ. ನೀವೂ ಇದನ್ನು ಮಾಡಿ. ನೆನಪಿನಲ್ಲಿದ್ದ ಊರು, ಕಣ್ಣೆದುರಿನ ಊರು ಬೇರೆ ಬೇರೆ ಎಂದು ಮೊದಲ ದಿನವೇ ಒಪ್ಪಿಕೊಂಡರೆ ಮುಂದಿನ ದಿನಗಳಲ್ಲಿ ನಿರಾಸೆ ಇರುವುದಿಲ್ಲ.

ಮೊದಲ ದಾರಿ: ಕಾಲುವೆಯ ದಂಡೆ

ಒಂದೇ ದಾರಿ ನಡೆಯಲು ಸಮಯವಿದ್ದರೆ ಇದನ್ನೇ ಆರಿಸಿಕೊಳ್ಳಿ. ಕ್ಯಾಸಲ್‌ಫೀಲ್ಡ್‌ನಲ್ಲಿ ಶುರು, ಆಂಕೋಟ್ಸ್‌ನಲ್ಲಿ ಮುಗಿಯುತ್ತದೆ. ದೂರ ಮೂರು ಕಿಲೋಮೀಟರ್ ಆಸುಪಾಸು. ಆದರೆ ಇಡೀ ಬೆಳಿಗ್ಗೆ ಬಿಡುವಿಟ್ಟುಕೊಳ್ಳಿ.

ಕ್ಯಾಸಲ್‌ಫೀಲ್ಡ್‌ನಲ್ಲಿ ಕಾಲ ಒಂದರ ಮೇಲೊಂದು ಪೇರಿಸಿಟ್ಟಂತಿದೆ. ಕ್ರಿ.ಶ. 79ರ ಸುಮಾರಿಗೆ ರೋಮನ್ನರು ಕಟ್ಟಿದ ಕೋಟೆಯ ಜಾಗ ಅಲ್ಲಿದೆ, ಅದರ ಬಾಗಿಲನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಪಕ್ಕದಲ್ಲೇ ಬ್ರಿಡ್ಜ್‌ವಾಟರ್ ಕಾಲುವೆ. ಡ್ಯೂಕ್ ಒಬ್ಬ ತನ್ನ ವರ್ಸ್ಲಿ ಗಣಿಯ ಕಲ್ಲಿದ್ದಲು ಸಾಗಿಸಲು ತೋಡಿಸಿದ್ದು, 1761ರಲ್ಲಿ ಶುರುವಾಯಿತು. ಆಮೇಲೆ ಊರಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕಿಳಿಯಿತು. ಅಗ್ಗದ ಕಲ್ಲಿದ್ದಲಿನಿಂದ ಹಬೆಯಂತ್ರ, ಹಬೆಯಂತ್ರದಿಂದ ಗಿರಣಿ. ಇಲ್ಲಿಂದ ಕೂಗಳತೆಯಲ್ಲಿ ಲಿವರ್‌ಪೂಲ್ ರಸ್ತೆ ನಿಲ್ದಾಣ. ಲಿವರ್‌ಪೂಲ್ ಬಂದರಿಗೂ ಮ್ಯಾಂಚೆಸ್ಟರಿಗೂ ನಡುವೆ 1830ರ ಸೆಪ್ಟೆಂಬರ್‌ನಲ್ಲಿ ಓಡಿದ ರೈಲು ಇಲ್ಲಿಗೇ ಬರುತ್ತಿತ್ತು. ಆ ಜಾಗ ಈಗ ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಂ. ಪ್ರವೇಶ ಉಚಿತ. ಹಳೇ ಕಟ್ಟಡಗಳ ದುರಸ್ತಿ ನಡೆಯುತ್ತಲೇ ಇರುವುದರಿಂದ ಯಾವ ಭಾಗ ತೆರೆದಿದೆ ಎಂದು ನೋಡಿಕೊಂಡು ಹೋಗಿ.

ಅಲ್ಲಿನ ಬಟ್ಟೆ ವಿಭಾಗವನ್ನು ಮಾತ್ರ ತಪ್ಪಿಸಬೇಡಿ. ಅರಳೆ ಹಿಂಜುವುದರಿಂದ ನೇಯುವವರೆಗಿನ ಯಂತ್ರಗಳಿವೆ, ಗೊತ್ತುಮಾಡಿದ ವೇಳೆಗೆ ಓಡಿಸಿ ತೋರಿಸುತ್ತಾರೆ. ಮಗ್ಗ ಶುರುವಾದಾಗಿನ ಸದ್ದಿಗೆ ಪಕ್ಕದಲ್ಲಿದ್ದ ಮಕ್ಕಳು ಕಿವಿ ಮುಚ್ಚಿಕೊಂಡರು. ನನಗೆ ಅಪ್ಪ ಏಕೆ ಮನೆಯಲ್ಲೂ ಗಟ್ಟಿಯಾಗಿಯೇ ಮಾತಾಡುತ್ತಿದ್ದರು ಎಂದು ಅವತ್ತು ಅರ್ಥವಾಯಿತು.

ಹೊರಗೆ ಬಂದು ರೋಚ್‌ಡೇಲ್ ಕಾಲುವೆಯ ದಂಡೆ ಹಿಡಿಯಿರಿ. ಪೂರ್ತಿ ಕಾಲುವೆ ತೆರೆದದ್ದು 1804ರಲ್ಲಿ. ಕ್ಯಾಸಲ್‌ಫೀಲ್ಡ್‌ನಿಂದ ಪಿಕಡಿಲಿವರೆಗೆ ನೀರು ಒಂಬತ್ತು ಮೆಟ್ಟಿಲು ಏರುತ್ತದೆ. ಭದ್ರಾ ನಾಲೆಯ ತೂಬು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಎರಡು ಕಡೆ ಮರದ ಜೋಡಿ ಬಾಗಿಲು, ನಡುವೆ ಒಂದು ದೋಣಿ ಹಿಡಿಸುವಷ್ಟು ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಕೆಳಗಿನ ಬಾಗಿಲು ಹಾಕಿ ಮೇಲಿನಿಂದ ನೀರು ಬಿಡುತ್ತಾರೆ, ದೋಣಿ ತಾನೇ ಏರುತ್ತದೆ. ಬಾಗಿಲಿನ ಉದ್ದ ತೊಲೆಗೆ ಬೆನ್ನು ಕೊಟ್ಟು ತಳ್ಳುವವರು ಕಂಡರೆ ನಿಂತು ನೋಡಿ, ಮಾತಾಡಿಸಿ. ಒಂದು ಹೆಂಗಸು ನನಗೂ ಒಂದು ಕೈ ಹಚ್ಚಲು ಕರೆದಳು. ಹತ್ತಿ ಹೊತ್ತ ದೋಣಿಗಳನ್ನು ಕುದುರೆಗಳು ಎಳೆಯುತ್ತಿದ್ದ ದಂಡೆ ಅದು. ಸೇತುವೆಯ ಅಂಚಿನ ಕಬ್ಬಿಣದಲ್ಲಿ ಹಗ್ಗ ತಿಕ್ಕಿ ಬಿದ್ದ ಗೀರುಗಳಿದ್ದರೆ ಬೆರಳಿಟ್ಟು ನೋಡಿ.

ದಾರಿಯಲ್ಲಿ ಸ್ಯಾಕ್‌ವಿಲ್ ಉದ್ಯಾನದಲ್ಲಿ ಬೆಂಚಿನ ಮೇಲೆ ಕೂತ ಟ್ಯೂರಿಂಗ್‌ನ ಕಂಚಿನ ಮೂರ್ತಿಯಿದೆ. ಸ್ವಲ್ಪ ಕೂತು ದಣಿವಾರಿಸಿಕೊಳ್ಳಲು ತಕ್ಕ ಜಾಗ. ಪಿಕಡಿಲಿ ಹತ್ತಿರ ಕಾಲುವೆ ದೊಡ್ಡ ಕಟ್ಟಡದ ಅಡಿಯಲ್ಲಿ ಕತ್ತಲಿಗೆ ನುಗ್ಗುತ್ತದೆ. ಅಲ್ಲಿ ಕೆಳಗೆ ಹೋಗದೆ ಮೇಲಿನ ರಸ್ತೆಗೆ ಹತ್ತಿ ಮುಂದೆ ಮತ್ತೆ ಇಳಿಯಿರಿ. ಸಂಜೆ ಕತ್ತಲಾದ ಮೇಲೆ ಕಾಲುವೆ ದಂಡೆಯ ಯಾವ ಭಾಗದಲ್ಲೂ ಒಂಟಿಯಾಗಿ ನಡೆಯಬೇಡಿ. ಜಾರಿ ಬೀಳುವ ಭಯವೂ ಇದೆ, ಬೇರೆ ಭಯವೂ ಇದೆ.

ಗ್ರೇಟ್ ಆಂಕೋಟ್ಸ್ ಬೀದಿ ದಾಟಿ ರೆಡ್‌ಹಿಲ್ ಬೀದಿಗೆ ತಿರುಗಿದರೆ ಗಿರಣಿಗಳ ಸಾಲು ಎದುರಿಗೇ ನಿಲ್ಲುತ್ತದೆ. ಮರ್ರೆ ಸಹೋದರರ ಗಿರಣಿಯ ಮೊದಲ ಕಟ್ಟಡ 1798ರದ್ದು, ಹಬೆಯಿಂದಲೇ ಓಡಿದ್ದು. ಏಳೆಂಟು ಅಂತಸ್ತಿನ ಇಟ್ಟಿಗೆ ಗೋಡೆ, ಲೆಕ್ಕವಿಲ್ಲದಷ್ಟು ಕಿಟಕಿ, ಪಕ್ಕದಲ್ಲೇ ನೀರು. ಒಳಗೆ ಈಗ ಜನರ ಮನೆಗಳು, ಕಚೇರಿಗಳು. ಕಿಟಕಿಯಲ್ಲಿ ತುಳಸಿಯಂಥದ್ದೊಂದು ಗಿಡ, ಒಣಹಾಕಿದ ಮಗುವಿನ ಅಂಗಿ. ನಮ್ಮೂರ ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಚಿಮಣಿ ಉರುಳಿ, ಗೋಡೆ ಬಿದ್ದು, ಜಾಗ ನಿವೇಶನಗಳಾದದ್ದನ್ನು ಕಂಡವಳು ನಾನು. ಕಟ್ಟಡ ಉಳಿಸಿಕೊಂಡೂ ಬದುಕು ಮುಂದುವರಿಸಬಹುದಿತ್ತು ಎಂಬುದು ಅಲ್ಲಿ ನಿಂತಾಗ ಹೊಟ್ಟೆಯಲ್ಲಿ ಸಂಕಟವಾಗುವಷ್ಟು ಸ್ಪಷ್ಟವಾಯಿತು.

ಅಷ್ಟರಲ್ಲಿ ಮಳೆ ಬಂತು. ಅಲ್ಲಿನ ಮಳೆಯ ಬಗ್ಗೆ ಗೊಣಗುವವರು ಒಂದು ತಿಳಿದಿರಬೇಕು. ಹವೆ ಒಣಗಿದ್ದರೆ ಹತ್ತಿಯ ಎಳೆ ಪಟಪಟನೆ ತುಂಡಾಗುತ್ತದೆ. ನಮ್ಮ ಗಿರಣಿಗಳಲ್ಲಿ ಯಂತ್ರ ಹಚ್ಚಿ ಹವೆ ತೇವ ಮಾಡಬೇಕಿತ್ತು, ಅಪ್ಪನ ಅಂಗಿ ಸದಾ ಹಸಿ. ಮ್ಯಾಂಚೆಸ್ಟರ್ ಸುತ್ತಲಿನ ಲ್ಯಾಂಕಾಶೈರ್ ಸೀಮೆಗೆ ಆ ತೇವ ಆಕಾಶದಿಂದಲೇ ಸಿಕ್ಕಿತ್ತು, ಹತ್ತಿ ಅಲ್ಲಿ ಬೇರೂರಲು ಅದೂ ಒಂದು ಕಾರಣ. ಹಾಗಾಗಿ ಮಳೆ ಬಂದರೆ ಕೋಣೆಗೆ ಓಡಬೇಡಿ.

ಎರಡನೇ ದಾರಿ: ಮಾರಾಟದ ಬೀದಿಗಳು

ನೂಲು, ಬಟ್ಟೆ ಕೈಬದಲಾಗುತ್ತಿದ್ದದ್ದು ರಾಯಲ್ ಎಕ್ಸ್‌ಚೇಂಜ್‌ನಲ್ಲಿ. 1968ರಲ್ಲಿ ವಹಿವಾಟು ನಿಂತಿತು. ಒಳಗೆ ಹೋಗಿ ತಲೆಯೆತ್ತಿ ನೋಡಿ: ಎತ್ತರದ ಫಲಕದಲ್ಲಿ ಆ ಕೊನೆಯ ದಿನದ ಧಾರಣೆಯನ್ನು ಹಾಗೆಯೇ ಬಿಟ್ಟಿದ್ದಾರೆ. ಅದರ ಕೆಳಗೆ, ಅದೇ ಅಂಗಳದಲ್ಲಿ, 1976ರಿಂದ ನಾಟಕಗಳು ನಡೆಯುತ್ತಿವೆ. ನಮ್ಮ ಮಂಡಿಪೇಟೆಯ ಕೊನೆಯ ಸವಾಲಿನ ಚೀಟಿಯನ್ನು ಯಾರಾದರೂ ಗೋಡೆಗೆ ಹಚ್ಚಿ ಇಟ್ಟಿದ್ದರೆ ಎಂದು ಕಲ್ಪಿಸಿಕೊಳ್ಳಿ. ನಾನು ಇಪ್ಪತ್ತು ನಿಮಿಷ ಅಲ್ಲೇ ನಿಂತೆ.

ಹತ್ತು ನಿಮಿಷ ನಡೆದರೆ ಡೀನ್ಸ್‌ಗೇಟ್‌ನಲ್ಲಿ ಜಾನ್ ರೈಲೆಂಡ್ಸ್ ಗ್ರಂಥಾಲಯ. ಬಟ್ಟೆಯಲ್ಲಿ ದುಡಿದ ದುಡ್ಡು ಪುಸ್ತಕವಾದ ಜಾಗ. ರೈಲೆಂಡ್ಸ್ ದೊಡ್ಡ ಹತ್ತಿ ಉದ್ಯಮಿ. ಅವನು ತೀರಿದ ಮೇಲೆ ಹೆಂಡತಿ ಎನ್ರಿಕೆಟಾ ಅವನ ನೆನಪಿಗೆ ಕಟ್ಟಿಸಿದಳು, 1900ರಲ್ಲಿ ಓದುಗರಿಗೆ ತೆರೆಯಿತು. ಪ್ರವೇಶ ಉಚಿತ, ವಾರದಲ್ಲಿ ಕೆಲವು ದಿನ ರಜೆ. ಅಲ್ಲಿಂದ ಕ್ಯಾಥೆಡ್ರಲ್ ಕಡೆ ಬಂದರೆ ಚೀಥಮ್ಸ್ ಗ್ರಂಥಾಲಯ. 1653ರಿಂದ ಸಾರ್ವಜನಿಕರಿಗೆ ತೆರೆದದ್ದು. ಇದಕ್ಕೆ ಟಿಕೆಟ್ ಇದೆ, ಗೈಡ್ ಜೊತೆಗೇ ಹೋಗಬೇಕು, ಊರಲ್ಲಿದ್ದಾಗಲೇ ಕಾದಿರಿಸಿ. ಕಿಟಕಿ ಪಕ್ಕದ ಒಂದು ಮೇಜು ತೋರಿಸುತ್ತಾರೆ: 1845ರಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಜೊತೆಯಾಗಿ ಕೂತು ಓದಿದ ಜಾಗ. ಎಂಗೆಲ್ಸ್ ಆ ಊರಿಗೆ ಬಂದದ್ದೇ ಅಪ್ಪನ ಪಾಲಿದ್ದ ಹತ್ತಿ ಗಿರಣಿಯ ವ್ಯವಹಾರ ಕಲಿಯಲು. ದಾವಣಗೆರೆಯ ಗಿರಣಿ ಕಾರ್ಮಿಕರ ನಾಯಕ ಪಂಪಾಪತಿಯವರ ಭಾಷಣಕ್ಕೆ ಅಪ್ಪನ ಹೆಗಲ ಮೇಲೆ ಕೂತು ಹೋದವಳು ನಾನು. ಆ ಮೇಜಿನ ಮರ ಮುಟ್ಟಿದಾಗ ಕೈ ನಡುಗಿತು.

ಕ್ಯಾಥೆಡ್ರಲ್ ಹೊರಗೆ 2019ರಲ್ಲಿ ನಿಲ್ಲಿಸಿದ ಗಾಂಧೀಜಿ ಪ್ರತಿಮೆಯಿದೆ, ನಾನು ಮೊದಲ ಸಲ ಹೋದಾಗ ಇರಲಿಲ್ಲ. 1931ರ ಸೆಪ್ಟೆಂಬರ್‌ನಲ್ಲಿ ಗಾಂಧೀಜಿ ಲ್ಯಾಂಕಾಶೈರ್‌ನ ಡಾರ್ವೆನ್‌ಗೆ ಹೋಗಿ, ನಮ್ಮ ವಿದೇಶಿ ಬಟ್ಟೆ ಬಹಿಷ್ಕಾರದಿಂದ ಕೆಲಸ ಕಳೆದುಕೊಂಡವರ ಮುಂದೆಯೇ ಕೂತು ಮಾತಾಡಿದರು. ಗಿರಣಿಯ ಹೆಣ್ಣಾಳುಗಳು ಅವರನ್ನು ಸುತ್ತುವರಿದು ಕೂಗಿ ಸಂಭ್ರಮಿಸುವ ಫೋಟೊ ನೀವೂ ನೋಡಿರುತ್ತೀರಿ.

ಮೂರನೇ ದಾರಿ: ನೂತವರು

ಇದು ಚಿಕ್ಕದು, ಸಂಜೆಗೆ ಸಾಕು. ಸೇಂಟ್ ಪೀಟರ್ಸ್ ಚೌಕದ ಸಮೀಪ ವೃತ್ತ ವೃತ್ತವಾಗಿ ಮೆಟ್ಟಿಲು ಕಟ್ಟಿದ ಸ್ಮಾರಕವಿದೆ, ಇದೂ 2019ರದ್ದು. 1819ರ ಆಗಸ್ಟ್ 16ರಂದು ಮತದಾನದ ಹಕ್ಕು ಕೇಳಲು ಸುಮಾರು 60,000 ಜನ ಅಲ್ಲಿ ಸೇರಿದ್ದರು. ಅವರಲ್ಲಿ ಮಗ್ಗದವರೇ ಬಹಳ. ಕುದುರೆ ಸವಾರರು ಕತ್ತಿ ಬೀಸಿ ನುಗ್ಗಿದರು, 18 ಜನ ಸತ್ತರು. ಅದನ್ನು ಪೀಟರ್‌ಲೂ ಎನ್ನುತ್ತಾರೆ. ಅಲ್ಲಿಂದ ಲಿಂಕನ್ ಚೌಕಕ್ಕೆ ನಡೆಯಿರಿ. ಅಮೆರಿಕದ ಅಧ್ಯಕ್ಷನ ಮೂರ್ತಿ ಇಲ್ಲೇಕೆ ಎಂದರೆ, 1861ರಿಂದ 65ರವರೆಗಿನ ಅಲ್ಲಿನ ಅಂತರ್ಯುದ್ಧದಲ್ಲಿ ಗುಲಾಮರು ಬೆಳೆದ ಹತ್ತಿ ಬರುವುದು ನಿಂತು ಲ್ಯಾಂಕಾಶೈರ್ ಹಸಿವಿಗೆ ಬಿತ್ತು. ಆದರೂ ಮ್ಯಾಂಚೆಸ್ಟರ್‌ನ ದುಡಿಯುವವರು ಗುಲಾಮಗಿರಿಯ ವಿರುದ್ಧವೇ ನಿಂತರು, 1863ರ ಜನವರಿಯಲ್ಲಿ ಲಿಂಕನ್ ಅವರಿಗೆ ಪತ್ರ ಬರೆದ. ಹತ್ತಿಯ ಅದೇ ಬರಗಾಲದಲ್ಲಿ ಲ್ಯಾಂಕಾಶೈರ್‌ನವರ ಕಣ್ಣು ನಮ್ಮ ದೇಶದ ಹತ್ತಿಯ ಮೇಲೆ ಬಿತ್ತು. ಧಾರವಾಡ ಸೀಮೆಯಲ್ಲಿ ಅಮೆರಿಕನ್ ಬೀಜದ ಹತ್ತಿ ಆಗಲೇ ಬೆಳೆಯುತ್ತಿತ್ತು. ಇರ್ವೆಲ್ ನದಿಯ ಪಕ್ಕದ ಜನತಾ ಇತಿಹಾಸದ ಮ್ಯೂಸಿಯಂ ಸಂಘಟನೆಗಳ ಹಳೇ ಬಾವುಟಗಳಿಗೆ ಪ್ರಸಿದ್ಧ. ಇಲ್ಲಿಗೆ ಈ ದಾರಿ ಮುಗಿಸಿ.

ಕಾಲಲ್ಲಿ ಕಸುವಿದ್ದರೆ ಮತ್ತೊಂದು ದಿನ ಆಕ್ಸ್‌ಫರ್ಡ್ ರಸ್ತೆ ಉದ್ದಕ್ಕೂ ದಕ್ಷಿಣಕ್ಕೆ ನಡೆಯಿರಿ, ನೇರ ದಾರಿ. ಮ್ಯಾಂಚೆಸ್ಟರ್ ಮ್ಯೂಸಿಯಂನಲ್ಲಿ 2023ರ ಫೆಬ್ರುವರಿಯಲ್ಲಿ ತೆರೆದ ದಕ್ಷಿಣ ಏಷ್ಯಾ ವಿಭಾಗವಿದೆ. ವಿಟ್‌ವರ್ತ್ ಗ್ಯಾಲರಿಯಲ್ಲಿ ಬಟ್ಟೆಗಳ ಸಂಗ್ರಹ. ಎರಡೂ ಉಚಿತ. ಅಲ್ಲಿಂದ ಸ್ವಲ್ಪ ಮುಂದೆ ರಷೋಮ್, ನಮ್ಮ ಕಡೆಯ ಹೋಟೆಲುಗಳ ಸಾಲು. ಊರು ಬಿಟ್ಟು ಹೊರಗೆ ಹೋಗುವ ಮನಸ್ಸಿದ್ದರೆ ವಿಲ್ಮ್‌ಸ್ಲೋಗೆ ರೈಲಿನಲ್ಲಿ ಹೋಗಿ, ಬೊಲಿನ್ ನದಿ ದಂಡೆಯ ಕಾಲುದಾರಿಯಲ್ಲಿ 1784ರ ಕ್ವಾರಿ ಬ್ಯಾಂಕ್ ಗಿರಣಿಗೆ ನಡೆಯಿರಿ. ನೀರಿನ ಚಕ್ರದಿಂದ ಓಡಿದ ಗಿರಣಿ ಅದು. ಅಲ್ಲಿ ದುಡಿಯಲು ತಂದ ಅನಾಥ ಮಕ್ಕಳು ಮಲಗುತ್ತಿದ್ದ ಮನೆ ನೋಡುವಾಗ ಗಂಟಲು ಕಟ್ಟುತ್ತದೆ.

ಊಟ, ನೀರು, ವಿಶ್ರಾಂತಿ

ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ಉತ್ತರದ ಥರ್ಲ್‌ಮಿಯರ್ ಕೆರೆಯಿಂದ 154 ಕಿಲೋಮೀಟರ್ ಉದ್ದದ ಜಲಮಾರ್ಗದಲ್ಲಿ 1894ರಿಂದ ಬರಿ ಇಳಿಜಾರಿನ ಬಲದಲ್ಲೇ ಆ ಊರಿಗೆ ನೀರು ಹರಿದುಬರುತ್ತಿದೆ. ಭದ್ರಾ ನಾಲೆಯ ನೀರು ಕೆರೆಗೆ ತುಂಬಿಸಿ ಕುಡಿಯುವ ನಮಗೆ ಇದರ ಬೆಲೆ ಗೊತ್ತು. ಬಾಟಲಿ ಕೊಳ್ಳಬೇಡಿ, ತುಂಬಿಸಿಕೊಳ್ಳಿ. ಶೌಚಾಲಯಕ್ಕೆ ಮ್ಯೂಸಿಯಂ ಮತ್ತು ಗ್ರಂಥಾಲಯಗಳೇ ಗತಿ. ಸೇಂಟ್ ಪೀಟರ್ಸ್ ಚೌಕದ 1934ರ ದುಂಡು ಕಟ್ಟಡದ ಸೆಂಟ್ರಲ್ ಗ್ರಂಥಾಲಯವನ್ನು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಕೂರಲು ಕುರ್ಚಿ, ಮಳೆಗೆ ಆಸರೆ, ಎಲ್ಲ ಅಲ್ಲಿದೆ.

ಮಧ್ಯಾಹ್ನದ ಊಟಕ್ಕೆ ನಾರ್ದರ್ನ್ ಕ್ವಾರ್ಟರ್‌ನ ಓಣಿಗಳಲ್ಲಿ ‘ರೈಸ್ ಆ್ಯಂಡ್ ತ್ರೀ’ ಎಂದು ಕೇಳಿ. ಒಂದು ತಟ್ಟೆ ಅನ್ನ, ಮೇಲೆ ನೀವು ಆರಿಸಿದ ಮೂರು ಪಲ್ಯ. ಹಿಂದೆ ಆ ಓಣಿಗಳ ಬಟ್ಟೆ ಗೋದಾಮುಗಳಲ್ಲಿ ದುಡಿಯುತ್ತಿದ್ದ ಏಷ್ಯಾದ ಕೆಲಸಗಾರರಿಗೆಂದು ಶುರುವಾದ ಊಟ ಅದು, ಈಗ ಊರಿನದ್ದೇ ಆಗಿದೆ. ಬೇಳೆ, ಸೊಪ್ಪು, ಕಡಲೆ ಯಾವಾಗಲೂ ಇರುತ್ತದೆ. ಸುಸ್ತಾದರೆ ನಗರ ಮಧ್ಯೆ ಸುತ್ತುವ ಉಚಿತ ಬಸ್ಸು ಹತ್ತಿಬಿಡಿ, ಅದರಲ್ಲಿ ತಪ್ಪೇನಿಲ್ಲ. ಮೂರು ದಿನ ನಡೆದರೆ ಒಂದು ದಿನ ಪೂರ್ತಿ ಬಿಡುವು ಕೊಡಿ, ಬಟ್ಟೆ ಒಗೆದುಕೊಳ್ಳಿ. ರಾತ್ರಿ ಬೂಟಿನೊಳಗೆ ಹಳೇ ಪತ್ರಿಕೆ ತುರುಕಿಟ್ಟರೆ ಬೆಳಿಗ್ಗೆಗೆ ಒಣಗಿರುತ್ತದೆ.

ಮಲಗುವ ಮುನ್ನ ಅರ್ಧ ಪುಟ ಬರೆಯಿರಿ: ನಡೆದ ಬೀದಿಗಳ ಹೆಸರು, ಯಾರು ಏನಂದರು, ಎಲ್ಲಿ ದಾರಿ ತಪ್ಪಿತು. ಫೋಟೊ ಸಾವಿರ ತೆಗೆದರೂ ಬೀದಿಯ ಹೆಸರು ಅದರಲ್ಲಿ ಉಳಿಯುವುದಿಲ್ಲ.

ಬಂದ ವಾರದಲ್ಲೇ

ನೋಟ್‌ಬುಕ್ಕು ಕಪಾಟು ಸೇರುವ ಮೊದಲು, ಅದೇ ಎಳೆ ಹಿಡಿದು ನಿಮ್ಮ ಊರಲ್ಲೂ ಒಂದು ಬೆಳಿಗ್ಗೆ ನಡೆಯಿರಿ. ನಾನು ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಹಳೇ ಗಿರಣಿಯ ಬೀದಿಗೆ ಹೋದೆ, ಆಮೇಲೆ ಇಬ್ಬರೂ ಇಳಿದು ನಿಧಾನಕ್ಕೆ ನಡೆದೆವು. ಆಂಕೋಟ್ಸ್‌ನ ಕಿಟಕಿಗಳನ್ನು, ಕಾಲುವೆಯನ್ನು, ಮಗ್ಗದ ಸದ್ದನ್ನು ಹೇಳಿದೆ. ಕೇಳುತ್ತ ಬಂದವರು ಒಂದು ಕಾಂಪೌಂಡಿನ ಎದುರು ನಿಂತರು. ಕೋಲಿನಿಂದ ನೆಲ ತೋರಿಸಿ, “ಗೇಟು ಇಲ್ಲಿತ್ತು. ಏಳಕ್ಕೆ ಐದು ನಿಮಿಷ ಇದ್ದಾಗ ಕೂಗು ಹೊಡೀತಿತ್ತು. ನಿಮ್ಮವ್ವ ಬುತ್ತಿ ತಂದು ಅಗೋ, ಆ ಬೇವಿನ ಮರದ ಕೆಳಗೆ ನಿಲ್ಲೋಳು” ಅಂದರು. ಬೇವಿನ ಮರ ಇನ್ನೂ ಇತ್ತು. ನೋಟ್‌ಬುಕ್ಕು ತೆಗೆದು ಅದನ್ನೂ ನಕ್ಷೆಯಲ್ಲಿ ಗುರುತು ಹಾಕಿದೆ.